ಪೇಪರ್ ಇದೆ, ಕಾಲೇಜಿನ ಲೆಕ್ಕದಲ್ಲಿಲ್ಲ: ಸಂಸ್ಥೆಯ ಹೆಸರಿನ ದೋಷ ಪತ್ತೆಹಚ್ಚುವ ಕೈಪಿಡಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅಧ್ಯಾಪಕರು, ಪಿಎಚ್‌ಡಿ ಮಾಡುತ್ತಿರುವವರು, ಲೈಬ್ರರಿಯನ್ನರು ಮತ್ತು ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಹೊಣೆ ಹೊತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿ ಇದು. ನ್ಯಾಕ್ (ಕಾಲೇಜುಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಸಂಸ್ಥೆ) ಅಥವಾ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿ) ಕೆಲಸ ಶುರುವಾದರೆ ಸಾಕು, ಸ್ಟಾಫ್ ರೂಮಿನಲ್ಲಿ ಒಂದೇ ಮಾತು: “ನಮ್ಮವರು ಇಷ್ಟೊಂದು ಬರೆದಿದ್ದಾರೆ, ಸ್ಕೋಪಸ್‌ನಲ್ಲಿ ಅರ್ಧವೂ ಕಾಣ್ತಾ ಇಲ್ಲವಲ್ಲ ಸಾರ್!” ಎನ್‌ಐಆರ್‌ಎಫ್ ಪ್ರಕಟಣೆಗಳ ಲೆಕ್ಕವನ್ನು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಸಂಶೋಧನಾ ಲೇಖನಗಳ ಡೇಟಾಬೇಸ್‌ಗಳಿಂದ ನೇರವಾಗಿ ತೆಗೆದುಕೊಳ್ಳುತ್ತದೆ. ಅಲ್ಲಿ ಕಾಲೇಜಿನ ಹೆಸರು ಸರಿಯಾಗಿ ಕೂತಿಲ್ಲದಿದ್ದರೆ, ಪಾಠದ ಹೊರೆಯ ನಡುವೆ ರಾತ್ರಿ ಕೂತು ಬರೆದವರ ದುಡಿಮೆ ಕಾಲೇಜಿನ ಪಾಲಿಗೆ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಪಹಣಿಯಲ್ಲೊಂದು ಹೆಸರು, ಆಧಾರ್‌ನಲ್ಲೊಂದು ಹೆಸರು ಇದ್ದರೆ ಜಮೀನು ನಮ್ಮದೇ ಆದರೂ ಕೆಲಸ ನಿಲ್ಲುತ್ತದಲ್ಲ, ಅದೇ ಕಥೆ.

ಸಂಸ್ಥೆಯ ಹೆಸರು ನಾಲ್ಕು ಕೈ ದಾಟಿ ಹೋಗುತ್ತದೆ. ಲೇಖಕರು ಬರೆದು ಕಳಿಸುತ್ತಾರೆ, ಜರ್ನಲ್‌ನವರು ಮುದ್ರಿಸುತ್ತಾರೆ, ಆ ಮಾಹಿತಿಯನ್ನು ಡಿಒಐ (ಪೇಪರಿನ ಶಾಶ್ವತ ಗುರುತಿನ ಸಂಖ್ಯೆ) ಜೊತೆ, ಆ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್‌ಗೆ ಸಲ್ಲಿಸುತ್ತಾರೆ, ಕೊನೆಗೆ ಸ್ಕೋಪಸ್‌ನಂಥ ಡೇಟಾಬೇಸ್ ಅದನ್ನು ಒಂದು ಸಂಸ್ಥೆಯ ಖಾತೆಗೆ ಸೇರಿಸುತ್ತದೆ. ಯಾವ ಕೈಯಲ್ಲಿ ತಪ್ಪಾಯಿತು ಎಂದು ಗೊತ್ತಾಗದೆ ಯಾರಿಗೂ ಮೇಲ್ ಬರೆಯಬೇಡಿ. ನಾನು ಲೈಬ್ರರಿಯಲ್ಲಿ ಕೂತು ಬಿಡಿಸಿದ ಇಂಥ ಗಂಟುಗಳಲ್ಲಿ ಹೆಚ್ಚಿನವು ಬಿದ್ದದ್ದು ಮೊದಲ ಕೈಯಲ್ಲೇ, ಅಂದರೆ ಪೇಪರ್ ಕಳಿಸುವಾಗ ಅವಸರದಲ್ಲಿ ಟೈಪ್ ಮಾಡಿದ ಒಂದು ಸಾಲಿನಲ್ಲಿ.

ಲಕ್ಷಣ ಯಾವುದೇ ಇರಲಿ, ಮೊದಲು ಇದನ್ನು ನೋಡಿ

ಜರ್ನಲ್‌ನ ವೆಬ್‌ಸೈಟಿನಿಂದ ಪ್ರಕಟವಾದ ಪಿಡಿಎಫ್ ಇಳಿಸಿಕೊಳ್ಳಿ. ನಿಮ್ಮ ಕಂಪ್ಯೂಟರಿನಲ್ಲಿರುವ ವರ್ಡ್ ಫೈಲ್ ಇದಕ್ಕೆ ಸಾಕ್ಷಿಯಾಗುವುದಿಲ್ಲ. ಲೇಖಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ವಿಳಾಸದ ಸಾಲನ್ನು ಅಲ್ಪವಿರಾಮ ಸಮೇತ, ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ಆಮೇಲೆ ನಿಮ್ಮ ಹೆಸರಿನ ತಲೆಯ ಮೇಲಿರುವ ಪುಟ್ಟ ಅಂಕಿ ನೋಡಿ. 1, 2, 3 ಎಂದು ಕೊಟ್ಟಿರುವ ಈ ಅಂಕಿ ಯಾವ ವಿಳಾಸಕ್ಕೆ ಹೋಗುತ್ತದೆ? ವಿಳಾಸಗಳೆಲ್ಲ ಸರಿಯಿದ್ದು ಅಂಕಿ ಮಾತ್ರ ಅದಲುಬದಲಾಗಿರುವುದು ಬಹಳ ಸಾಮಾನ್ಯ. ಐದಾರು ಜನ ಸೇರಿ ಬರೆದ ಪೇಪರಿನಲ್ಲಿ ಕೊನೆಯ ಗಳಿಗೆಯಲ್ಲಿ ಲೇಖಕರ ಕ್ರಮ ಬದಲಿಸಿ, ಅಂಕಿ ಬದಲಿಸಲು ಮರೆತಿರುತ್ತಾರೆ. ಆಗ ಅರಸೀಕೆರೆಯವರ ಕೆಲಸ ಮೈಸೂರಿನವರ ಹೆಸರಿಗೆ, ಮೈಸೂರಿನವರದು ಅರಸೀಕೆರೆಗೆ.

ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಅರ್ಧ ದಾರಿ ಇಲ್ಲೇ ತೀರ್ಮಾನವಾಗುತ್ತದೆ. ಮುದ್ರಿತ ಸಾಲು ಸರಿಯಿದ್ದು ಡೇಟಾಬೇಸ್‌ನಲ್ಲಿ ತಪ್ಪಿದ್ದರೆ ತಿದ್ದಿಸುವುದು ಸುಲಭ, ಉಚಿತ ಕೂಡ. ಮುದ್ರಿತ ಸಾಲೇ ತಪ್ಪಿದ್ದರೆ ಸ್ಕೋಪಸ್‌ಗೆ ಎಷ್ಟು ಬರೆದರೂ ಪ್ರಯೋಜನವಿಲ್ಲ. ಅವರು ಮೂಲ ಪಿಡಿಎಫ್‌ನಲ್ಲಿರುವುದನ್ನೇ ತೋರಿಸುತ್ತಾರೆ. ಆಗ ಜರ್ನಲ್‌ನವರ ಬಾಗಿಲನ್ನೇ ತಟ್ಟಬೇಕು.

ಲಕ್ಷಣ: “ನನ್ನ ಪ್ರೊಫೈಲ್‌ನಲ್ಲಿ ಪೇಪರ್ ಇದೆ, ಕಾಲೇಜಿನ ಪುಟದಲ್ಲಿಲ್ಲ”

ಮೊದಲು, ‘ನನ್ನ ಪ್ರೊಫೈಲ್’ ಎಂದರೆ ಯಾವುದು? ಗೂಗಲ್ ಸ್ಕಾಲರ್ ಆದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅಲ್ಲಿ ಕಾಣುವ ಕಾಲೇಜಿನ ಹೆಸರು ನೀವೇ ಟೈಪ್ ಮಾಡಿದ್ದು. ಪೇಪರಿನ ವಿಳಾಸದ ಸಾಲಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದಾಗಿ, ಆ ಜರ್ನಲ್ ಸ್ಕೋಪಸ್‌ನಲ್ಲಿ ಇದೆಯೇ? ಸ್ಕೋಪಸ್‌ನ ಜರ್ನಲ್ ಪಟ್ಟಿಯನ್ನು ಚಂದಾ ಇಲ್ಲದವರೂ ನೋಡಬಹುದು. ಪಟ್ಟಿಯಲ್ಲಿ ಜರ್ನಲ್‌ನ ಹೆಸರಿನ ಜೊತೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರಿಸಿಕೊಂಡಿದ್ದಾರೆ ಎಂದೂ ಇರುತ್ತದೆ. ಜರ್ನಲ್ ಕೈಬಿಟ್ಟ ಮೇಲಿನ ವರ್ಷದಲ್ಲಿ ನಿಮ್ಮ ಪೇಪರ್ ಬಂದಿದ್ದರೆ ಅದು ಹೆಸರಿನ ದೋಷವಲ್ಲ, ಈ ಕೈಪಿಡಿಯ ಮದ್ದು ಅದಕ್ಕೆ ನಾಟುವುದಿಲ್ಲ.

ಇವೆರಡೂ ಸರಿಯಿದ್ದರೆ ಬರೆದುಕೊಂಡ ಸಾಲಿಗೆ ಬನ್ನಿ. ಅದರಲ್ಲಿ ಊರಿನ ಹೆಸರು ಇದೆಯೇ?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದಲ್ಲಿ ಅತಿ ಹೆಚ್ಚು ಪೇಪರ್ ಕಳೆದುಹೋಗುವುದು ಈ ಜಾಗದಲ್ಲಿ. ‘ಗವರ್ನ್‌ಮೆಂಟ್ ಫಸ್ಟ್ ಗ್ರೇಡ್ ಕಾಲೇಜ್’ ಎಂಬ ಹೆಸರು ಹೊತ್ತ ಕಾಲೇಜುಗಳು ರಾಜ್ಯದಲ್ಲಿ 400ಕ್ಕೂ ಹೆಚ್ಚಿವೆ. ಅರಸೀಕೆರೆಯಲ್ಲಿದೆ, ಅಲ್ಲಿಂದ ರೈಲಿನಲ್ಲಿ ಕೂತು ಇಳಿದರೆ ಕಡೂರಿನಲ್ಲೂ ಇದೆ. ‘ಜಿಎಫ್‌ಜಿಸಿ, ಕರ್ನಾಟಕ’ ಎಂದಷ್ಟೇ ಬರೆದರೆ ಯಂತ್ರವಿರಲಿ, ನಮ್ಮ ಇಲಾಖೆಯವರೇ ಬಂದರೂ ಯಾವ ಊರಿನದೆಂದು ಹೇಳಲಾರರು. ‘ಗವರ್ನ್‌ಮೆಂಟ್ ಸೈನ್ಸ್ ಕಾಲೇಜ್’ ಕೂಡ ಹಾಗೆಯೇ. ಹಾಸನದಲ್ಲೊಂದು, ಚಿತ್ರದುರ್ಗದಲ್ಲೊಂದು, ಬೆಂಗಳೂರಿನಲ್ಲಿದ್ದದ್ದು ಈಗ ನೃಪತುಂಗ ವಿಶ್ವವಿದ್ಯಾಲಯವಾಗಿದೆ. ಇಂಥ ಕಾಲೇಜುಗಳಿಗೆ ಊರಿನ ಹೆಸರನ್ನು ಕಾಲೇಜಿನ ಹೆಸರಿನ ಭಾಗವೆಂದೇ ತಿಳಿಯಬೇಕು.

ಹೀಗೆ ಬರೆದರೆ ಗೊಂದಲವಿಲ್ಲ: “ಡಿಪಾರ್ಟ್‌ಮೆಂಟ್ ಆಫ್ ಬಾಟನಿ, ಗವರ್ನ್‌ಮೆಂಟ್ ಫಸ್ಟ್ ಗ್ರೇಡ್ ಕಾಲೇಜ್ ಅರಸೀಕೆರೆ, ಅರಸೀಕೆರೆ 573103, ಹಾಸನ ಡಿಸ್ಟ್ರಿಕ್ಟ್, ಕರ್ನಾಟಕ, ಇಂಡಿಯಾ.” ಊರು ಎರಡು ಸಲ ಬಂತಲ್ಲ ಎಂದು ಅಳಿಸಬೇಡಿ. ಮೊದಲನೆಯದು ಕಾಲೇಜಿನ ಗುರುತು, ಎರಡನೆಯದು ವಿಳಾಸ. ಕೆಲವು ಜರ್ನಲ್‌ಗಳು ಮುದ್ರಿಸುವಾಗ ಪಿನ್ ಕೋಡ್, ಜಿಲ್ಲೆ ಎಲ್ಲ ತೆಗೆದುಹಾಕುತ್ತವೆ. ಆಗಲೂ ಕಾಲೇಜಿನ ಹೆಸರಿಗೆ ಅಂಟಿಕೊಂಡ ಊರು ಉಳಿಯುತ್ತದೆ.

ಲಕ್ಷಣ: “ನಮ್ಮ ಒಂದೇ ಕಾಲೇಜಿಗೆ ಮೂರು ನಾಲ್ಕು ಪುಟಗಳಿವೆ”

ಇದು ಹೆಸರು ಒಡೆದ ಲಕ್ಷಣ. ಅಧ್ಯಾಪಕರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ, ಡೇಟಾಬೇಸ್ ಅವನ್ನು ಬೇರೆ ಬೇರೆ ಸಂಸ್ಥೆಗಳೆಂದು ತಿಳಿದಿದೆ.

ಚಿಕ್ಕಮಗಳೂರಿನವರಿಗೆ ಈ ತೊಂದರೆ ಊರಿನ ಹೆಸರಿನಿಂದಲೇ ಶುರು. ಇಂಗ್ಲಿಷಿನಲ್ಲಿ ಒಂದು ‘ಕೆ’ ಹಾಕುವವರಿದ್ದಾರೆ, ‘ಸಿಕೆ’ ಹಾಕುವವರಿದ್ದಾರೆ, ಎರಡು ‘ಕೆ’ ಹಾಕುವವರಿದ್ದಾರೆ, ಕೊನೆಯ ‘ಯು’ ಕೆಲವರಲ್ಲಿ ಉಂಟು, ಕೆಲವರಲ್ಲಿ ಇಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದಾಗ ಚಿಕ್ಕಮಗಳೂರೂ ಆ ಪಟ್ಟಿಯಲ್ಲಿತ್ತು. ಈಗ ಸರಿಯಾದ ರೂಪ ಎರಡು ‘ಕೆ’, ಕೊನೆಗೆ ‘ಯು’ ಇರುವುದು. ಹಳೆಯ ಪೇಪರುಗಳು ಹಳೆಯ ರೂಪದಲ್ಲೇ ಉಳಿಯುತ್ತವೆ, ಅವನ್ನು ತಿದ್ದಿಸಲು ಹೋಗಬೇಕಾಗಿಲ್ಲ. ಎರಡು ರೂಪಗಳೂ ಒಂದೇ ಸಂಸ್ಥೆಯವು ಎಂದು ಡೇಟಾಬೇಸ್‌ಗೆ ತಿಳಿಸಿದರೆ ಸಾಕು.

ಊರಿನ ಹೆಸರು ಬದಲಾದ ಮಾತ್ರಕ್ಕೆ ಸಂಸ್ಥೆಯ ಹೆಸರು ಬದಲಾಗುವುದಿಲ್ಲ, ಇದನ್ನು ಮರೆಯುವವರು ಬಹಳ. ಊರು ಮೈಸೂರು ಎಂಬುದರ ಕೊನೆಗೆ ಇಂಗ್ಲಿಷಿನಲ್ಲಿ ಈಗ ‘ಯು’ ಬಂದಿದೆ. ಆದರೆ 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು ‘ಯೂನಿವರ್ಸಿಟಿ ಆಫ್ ಮೈಸೋರ್’ ಎಂದೇ ಇದೆ. ಹೆಸರಿನಲ್ಲಿ ಹಳೆಯದು, ಅದರ ಮುಂದಿನ ಊರಿನಲ್ಲಿ ಹೊಸದು, ಇದೇ ಸರಿ. ನಿಮ್ಮ ಕಾಲೇಜಿನ ಹೆಸರಿನಲ್ಲಿ ಊರಿದ್ದರೆ ಆದೇಶ, ಸೀಲು, ಲೆಟರ್‌ಹೆಡ್ ಏನು ಹೇಳುತ್ತವೆ ನೋಡಿ. ಈ ಮೂರರಲ್ಲೇ ಮೂರು ರೀತಿ ಇದ್ದರೆ ದೋಷದ ಬೇರು ಪ್ರಿನ್ಸಿಪಾಲರ ಕೋಣೆಯಲ್ಲಿದೆ.

ಸ್ಕೋಪಸ್ ನೋಡುವ ಅವಕಾಶವಿದ್ದರೆ ಸಂಸ್ಥೆಯ ಗುರುತಿನ ಸಂಖ್ಯೆ ಗಮನಿಸಿ. 60ರಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆಯ ಪುಟ ಅವರು ಪರಿಶೀಲಿಸಿ ಇಟ್ಟಿರುವ ಮುಖ್ಯ ಪುಟ. 1ರಿಂದ ಶುರುವಾಗುವ ಉದ್ದದ ಸಂಖ್ಯೆಗಳು ಯಂತ್ರ ತಾನಾಗಿ ಹುಟ್ಟಿಸಿದವು. ನಿಮ್ಮ ಚದುರಿದ ಪೇಪರುಗಳು ಸಾಮಾನ್ಯವಾಗಿ ಇಂಥ ತುಂಡು ಪುಟಗಳಲ್ಲಿ ಸಿಗುತ್ತವೆ. ಸ್ಕೋಪಸ್ ಚಂದಾ ಇಲ್ಲದ ಕಾಲೇಜಿನವರು ಓಪನ್‌ಅಲೆಕ್ಸ್ ಬಳಸಿ. 2022ರಲ್ಲಿ ಶುರುವಾದ ಈ ಡೇಟಾಬೇಸ್ ಎಲ್ಲರಿಗೂ ಉಚಿತ. ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಯಾವ ಪೇಪರು ಸೇರಿದೆ, ಯಾವುದು ಸೇರಿಲ್ಲ ಎಂಬ ಅಂದಾಜು ಸಿಗುತ್ತದೆ.

ಒಡೆದ ಪುಟಗಳನ್ನು ಒಂದುಗೂಡಿಸುವ ಕೋರಿಕೆಯನ್ನು ಒಬ್ಬೊಬ್ಬ ಅಧ್ಯಾಪಕರು ಕಳಿಸುವುದು ಬೇಡ. ಕಾಲೇಜಿನ ಪರವಾಗಿ ಒಬ್ಬರೇ, ಲೈಬ್ರರಿಯನ್ ಆದರೆ ಒಳ್ಳೆಯದು, ಕಾಲೇಜಿನ ಮೇಲ್‌ನಿಂದ ಕಳಿಸಬೇಕು. ಹತ್ತು ಜನ ಹತ್ತು ರೀತಿ ಬರೆದರೆ ಗೊಂದಲ ದುಪ್ಪಟ್ಟಾಗುತ್ತದೆ.

ಲಕ್ಷಣ: “ನಮ್ಮ ಪೇಪರ್ ವಿಶ್ವವಿದ್ಯಾಲಯದ ಹೆಸರಿಗೆ ಹೋಗಿದೆ”

ನಿಮ್ಮದು ಸಂಯೋಜಿತ ಕಾಲೇಜೋ, ವಿಶ್ವವಿದ್ಯಾಲಯದ್ದೇ ಆದ ಅಂಗ ಕಾಲೇಜೋ? ಎರಡಕ್ಕೂ ಉತ್ತರ ಬೇರೆ.

ಹಾಸನದ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು), ಚಿಕ್ಕಮಗಳೂರಿನ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸಂಯೋಜಿತ. ಇಲ್ಲಿ ನೀವು ಕೆಲಸ ಮಾಡುವ ಸಂಸ್ಥೆ ಕಾಲೇಜು, ಹಾಗಾಗಿ ಸಾಲಿನಲ್ಲಿ ಕಾಲೇಜು ಮೊದಲು ಬರಬೇಕು. ಪರೀಕ್ಷೆ, ಪದವಿ, ಪಿಎಚ್‌ಡಿ ನೋಂದಣಿ ಎಲ್ಲ ವಿಶ್ವವಿದ್ಯಾಲಯದ್ದಾದ್ದರಿಂದ ಅದರ ಹೆಸರನ್ನೂ ಬರೆಯಬೇಕು ಎಂದು ಸುತ್ತೋಲೆ ಇದ್ದರೆ ಅದನ್ನು ಪಾಲಿಸಿ, ಆದರೆ ಕಾಲೇಜಿನ ಹೆಸರಿನ ನಂತರ. ವಿಭಾಗ, ಅದರ ಹಿಂದೆಯೇ ವಿಟಿಯು, ಕೊನೆಗೆ ಎಲ್ಲೋ ಕಾಲೇಜು ಎಂದು ಬರೆದರೆ ಆ ವಿಭಾಗವೇ ಬೆಳಗಾವಿಯಲ್ಲಿದೆ ಎಂಬ ಅರ್ಥ ಬರುತ್ತದೆ, ಯಂತ್ರ ಅದನ್ನೇ ನಂಬುತ್ತದೆ.

ಅಂಗ ಕಾಲೇಜುಗಳದು ಬೇರೆ. ಹಾಸನದ ಪಶುವೈದ್ಯಕೀಯ ಕಾಲೇಜು ಬೀದರಿನ ವಿಶ್ವವಿದ್ಯಾಲಯದ್ದು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಇಲ್ಲಿ ಪೇಪರು ವಿಶ್ವವಿದ್ಯಾಲಯದ ಲೆಕ್ಕಕ್ಕೆ ಹೋಗುವುದು ದೋಷವಲ್ಲ, ಅದೇ ಸರಿ. ದೋಷವೆಂದರೆ ಕಾಲೇಜಿನ ಹೆಸರೇ ಬಿಟ್ಟು ‘ಬೀದರ್’ ಎಂದಷ್ಟೇ ಬರೆಯುವುದು. ಹಾಸನದ ಕೊಟ್ಟಿಗೆಯ ಹಸುಗಳ ಮೇಲೆ ನಡೆದ ಅಧ್ಯಯನ ರಾಜ್ಯದ ಇನ್ನೊಂದು ತುದಿಯಲ್ಲಿ ನಡೆದಂತೆ ದಾಖಲಾಗುತ್ತದೆ. ಮುಂದೆ ಈ ಜಿಲ್ಲೆಯಲ್ಲಿ ಏನೇನು ಸಂಶೋಧನೆ ನಡೆದಿದೆ ಎಂದು ಹುಡುಕುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಲಕ್ಷಣ: “ಬೇರೆ ಊರಿನ, ಬೇರೆ ದೇಶದ ಸಂಸ್ಥೆಯ ಹೆಸರು ತೋರಿಸ್ತಿದೆ”

ಸಂಕ್ಷಿಪ್ತ ಹೆಸರು ಬರೆದಿದ್ದೀರಾ ನೋಡಿ. ಹತ್ತರಲ್ಲಿ ಒಂಬತ್ತು ಸಲ ಕಾರಣ ಅದೇ.

‘ಹಿಮ್ಸ್’ ಎಂದರೆ ಹಾಸನದಲ್ಲಿ ಆಟೋದವರಿಗೂ ಗೊತ್ತು. ಆದರೆ ಡೆಹ್ರಾಡೂನಿನ ಹಿಮಾಲಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್ ಕೂಡ ಹಿಮ್ಸ್. ‘ಸಿಮ್ಸ್’ ಎಂದರೆ ಚಿಕ್ಕಮಗಳೂರು ಮಾತ್ರವಲ್ಲ, ಚಾಮರಾಜನಗರವೂ ಹೌದು, ಬಿಲಾಸಪುರದ ಛತ್ತೀಸಗಢ ಇನ್‌ಸ್ಟಿಟ್ಯೂಟ್ ಕೂಡ. ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ‘ಎಐಟಿ’ ಎಂದು ಬರೆದರೆ ಚಿಕ್ಕಮಗಳೂರಿನ ಆದಿಚುಂಚನಗಿರಿಯೋ, ಬೆಂಗಳೂರಿನ ಆಚಾರ್ಯವೋ, ಪುಣೆಯ ಆರ್ಮಿ ಇನ್‌ಸ್ಟಿಟ್ಯೂಟೋ, ಥಾಯ್ಲೆಂಡಿನ ಏಷ್ಯನ್ ಇನ್‌ಸ್ಟಿಟ್ಯೂಟೋ ಓದುವವರಿಗೆ ಹೇಗೆ ತಿಳಿಯಬೇಕು? ವಿಳಾಸದ ಸಾಲಿನಲ್ಲಿ ಸಂಕ್ಷಿಪ್ತ ಹೆಸರಿಗೆ ಜಾಗವಿಲ್ಲ.

ಹಾಸನದವರಿಗೆ ಇನ್ನೊಂದು ತೊಡಕುಂಟು. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರನ್ನು ಬರೆಯುವ ರೀತಿ, ಜಗತ್ತಿನ ಬಹುಪಾಲು ಜನರಿಗೆ ಒಬ್ಬ ಮನುಷ್ಯನ ಹೆಸರು. ಮೊರಾಕ್ಕೊದಲ್ಲಿ ಕಾಸಾಬ್ಲಾಂಕಾದ ಎರಡನೇ ಹಸನ್ ವಿಶ್ವವಿದ್ಯಾಲಯವಿದೆ, ಸೆಟ್ಟಾಟ್‌ನಲ್ಲಿ ಮೊದಲನೇ ಹಸನ್ ವಿಶ್ವವಿದ್ಯಾಲಯವಿದೆ. ಎರಡರಿಂದಲೂ ರಾಶಿ ರಾಶಿ ಪೇಪರುಗಳು ಬರುತ್ತವೆ. ನಮ್ಮ ಹೊಸ ಹಾಸನ ವಿಶ್ವವಿದ್ಯಾಲಯದವರು ‘ಹಾಸನ ಯೂನಿವರ್ಸಿಟಿ’ ಎಂದಷ್ಟೇ ಬರೆದು ಬಿಟ್ಟರೆ ಹುಡುಕಾಟದಲ್ಲಿ ಮೊದಲು ಮೊರಾಕ್ಕೊ ಎದ್ದು ಬರುತ್ತದೆ. ಹಾಗಾಗಿ ಪಿನ್ ಕೋಡ್, ಕರ್ನಾಟಕ, ಇಂಡಿಯಾ, ಮೂರೂ ಕಡ್ಡಾಯ. ಲೇಖಕರ ಹೆಸರೂ ಹಸನ್ ಆಗಿದ್ದರೆ ಇನ್ನೂ ಎಚ್ಚರ ಬೇಕು.

ಮುದ್ರಿತ ಸಾಲಿನಲ್ಲಿ ಪೂರ್ಣ ಹೆಸರು, ಊರು, ದೇಶ ಎಲ್ಲ ಇದ್ದೂ ಬೇರೆ ಸಂಸ್ಥೆಗೆ ಸೇರಿದ್ದರೆ ಅದು ಶುದ್ಧ ಡೇಟಾಬೇಸ್ ತಪ್ಪು. ಪಿಡಿಎಫ್‌ನ ಮೊದಲ ಪುಟ ಲಗತ್ತಿಸಿ ಸ್ಕೋಪಸ್‌ನ ಸಹಾಯ ಕೇಂದ್ರಕ್ಕೆ ಅಥವಾ ವೆಬ್ ಆಫ್ ಸೈನ್ಸ್‌ನ ದತ್ತಾಂಶ ತಿದ್ದುಪಡಿ ಫಾರಂನಲ್ಲಿ ತಿಳಿಸಿ.

ಲಕ್ಷಣ: “ಹಳೆಯ ಹೆಸರಿನಲ್ಲಿದ್ದ ಪೇಪರುಗಳು ಹೊಸ ಹೆಸರಿಗೆ ಬರ್ತಾ ಇಲ್ಲ”

ಹಾಸನ ವಿಶ್ವವಿದ್ಯಾಲಯಕ್ಕೆ ಮೊದಲು ಅದು ಹೇಮಗಂಗೋತ್ರಿ, ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಆ ಕಾಲದ ಪೇಪರುಗಳು ಮೈಸೂರಿನ ಲೆಕ್ಕದಲ್ಲಿವೆ, ಅಲ್ಲೇ ಇರಬೇಕು ಕೂಡ. ಬರೆದ ದಿನ ಸಂಸ್ಥೆ ಯಾವುದಾಗಿತ್ತೋ ಅದೇ ಆ ಪೇಪರಿನ ಸಂಸ್ಥೆ. ಹೊಸ ಬೋರ್ಡು ಬಂತೆಂದು ಹಳೆಯ ದಾಖಲೆಯನ್ನು ಎಳೆದು ತರುವುದು ತಿದ್ದುಪಡಿಯಲ್ಲ. ಹಳೆಯ ಸಂಸ್ಥೆಗೂ ಹೊಸದಕ್ಕೂ ಇರುವ ಸಂಬಂಧ ದಾಖಲಾಗಬೇಕು, ಅಷ್ಟೇ ಬೇಕಾದದ್ದು.

ಅದಕ್ಕಿರುವ ಜಾಗ ರೋರ್, ಅಂದರೆ ಸಂಶೋಧನಾ ಸಂಸ್ಥೆಗಳ ಜಾಗತಿಕ ನೋಂದಣಿ ಪಟ್ಟಿ. 2019ರಲ್ಲಿ ಶುರುವಾದದ್ದು, ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ, ಕ್ರಾಸ್‌ರೆಫ್ ಮತ್ತು ಡೇಟಾಸೈಟ್ ಸೇರಿ ನಡೆಸುತ್ತವೆ. ಪ್ರತಿ ಸಂಸ್ಥೆಗೆ ಸೊನ್ನೆಯಿಂದ ಶುರುವಾಗುವ ಒಂಬತ್ತು ಅಕ್ಷರ-ಅಂಕಿಗಳ ಗುರುತು. ಅದರ ಅಡಿಯಲ್ಲಿ ಹಳೆಯ ಹೆಸರು, ಬೇರೆ ಬೇರೆ ಕಾಗುಣಿತ, ಸಂಕ್ಷಿಪ್ತ ರೂಪ, ಕನ್ನಡದ ಹೆಸರು ಎಲ್ಲವನ್ನೂ ಸೇರಿಸಬಹುದು. ಮಾತೃಸಂಸ್ಥೆ ಯಾವುದು, ಇದಕ್ಕೆ ಮೊದಲಿದ್ದ ಸಂಸ್ಥೆ ಯಾವುದು ಎಂದೂ ನಮೂದಿಸಲು ಅವಕಾಶವಿದೆ. ಸೇರಿಸಲು, ತಿದ್ದಿಸಲು ಶುಲ್ಕವಿಲ್ಲ. ವಿಭಾಗಗಳನ್ನು ಮಾತ್ರ ಅವರು ಪ್ರತ್ಯೇಕವಾಗಿ ಸೇರಿಸುವುದಿಲ್ಲ, ‘ಬಾಟನಿ ಡಿಪಾರ್ಟ್‌ಮೆಂಟ್‌ಗೂ ಒಂದು ಗುರುತು ಬೇಕು’ ಎಂದು ಕೇಳಬೇಡಿ.

ಹಳೆಯ ಸಂಸ್ಥೆಯ ಹೆಸರು ಎಷ್ಟು ಪದರಗಳಲ್ಲಿ ಇರಬಹುದು ಎಂಬುದಕ್ಕೆ ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನೋಡಿ. 1925ರಲ್ಲಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರವಾಗಿ ಶುರುವಾಯಿತು, ಆಮೇಲೆ ಕಾಫಿ ಬೋರ್ಡಿನ ಕೈಗೆ ಬಂತು. ಆ ಜಾಗದ ಅಂಚೆಯ ಹೆಸರೇ ‘ಕಾಫಿ ರಿಸರ್ಚ್ ಸ್ಟೇಷನ್’. ಹಾಗಾಗಿ ವಿಳಾಸದ ಒಂದೇ ಸಾಲಿನಲ್ಲಿ ಸಂಸ್ಥೆ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬೋರ್ಡು, ಸಂಸ್ಥೆಯಂತೆಯೇ ಕೇಳಿಸುವ ಅಂಚೆ, ಮೂರೂ ಸಾಲಾಗಿ ಬರುತ್ತವೆ. ಕಾಫಿ ಎಲೆಯ ತುಕ್ಕುರೋಗದ ಬಗ್ಗೆ ನೂರು ವರ್ಷದಲ್ಲಿ ಇಲ್ಲಿ ಏನೇನು ಬರೆದಿದ್ದಾರೆ ಎಂದು ಹುಡುಕುವವರು ಒಂದೇ ಹೆಸರು ಹಾಕಿ ಹುಡುಕಿದರೆ ಸಾಲದು. ಇಂಥ ಸಂಸ್ಥೆಗಳವರು ಸಂಸ್ಥೆಯ ಹೆಸರನ್ನು ಮೊದಲು, ಬೋರ್ಡನ್ನು ನಂತರ ಬರೆದು, ಅಂಚೆಯ ಹೆಸರಿನ ಪಕ್ಕ ‘ಪೋಸ್ಟ್’ ಎಂಬುದನ್ನು ಬಿಡದೆ ಹಾಕಬೇಕು.

ಲಕ್ಷಣ: “ವರ್ಗವಾಯ್ತು, ಈಗ ಯಾವ ಕಾಲೇಜು ಬರೆಯೋದು?”

ಕೆಲಸ ನಡೆದದ್ದು ಎಲ್ಲಿಯೋ ಆ ಸಂಸ್ಥೆ. ತರೀಕೆರೆಯಲ್ಲಿದ್ದಾಗ ಮಾದರಿ ಸಂಗ್ರಹಿಸಿ, ಪ್ರಯೋಗ ಮಾಡಿ, ಹೊಳೆನರಸೀಪುರಕ್ಕೆ ವರ್ಗವಾದ ಮೇಲೆ ಪೇಪರು ಬಂದರೆ ವಿಳಾಸದಲ್ಲಿ ತರೀಕೆರೆ ಕಾಲೇಜು, ಅಡಿಟಿಪ್ಪಣಿಯಲ್ಲಿ ‘ಪ್ರಸ್ತುತ ವಿಳಾಸ’ ಎಂದು ಹೊಳೆನರಸೀಪುರ. ಹೊಸ ಕಾಲೇಜಿನಲ್ಲೂ ಒಂದಷ್ಟು ಕೆಲಸ ನಡೆದಿದ್ದರೆ ಎರಡನ್ನೂ ಬರೆಯಬಹುದು. ಪಿಎಚ್‌ಡಿ ಕೆಲಸವಾದರೆ ನೋಂದಣಿ ಇರುವ ರಿಸರ್ಚ್ ಸೆಂಟರ್ ಮೊದಲು, ನೌಕರಿ ಮಾಡುವ ಕಾಲೇಜು ಎರಡನೆಯದು, ಎರಡಕ್ಕೂ ಬೇರೆ ಬೇರೆ ಅಂಕಿ. ಇದನ್ನು ಗೈಡ್ ಜೊತೆ ಪೇಪರು ಕಳಿಸುವ ಮೊದಲೇ ಮಾತಾಡಿಕೊಳ್ಳಿ. ಗೈಡ್ ಮೇಷ್ಟ್ರಿಗೆ ಹೇಗೆ ಹೇಳುವುದು ಎಂಬ ಸಂಕೋಚದಲ್ಲಿ ಎಷ್ಟೋ ಜನ ತಮ್ಮ ಕಾಲೇಜಿನ ಹೆಸರನ್ನೇ ಬಿಟ್ಟಿದ್ದಾರೆ. “ಸಾರ್, ನಮ್ಮ ಪ್ರಿನ್ಸಿಪಾಲ್ ಕಾಲೇಜಿನ ಹೆಸರೂ ಇರಲಿ ಅಂದಿದ್ದಾರೆ, ಎರಡನೇ ವಿಳಾಸವಾಗಿ ಹಾಕೋಣವೇ?” ಎಂದು ಕೇಳಿದರೆ ಬೇಡ ಎನ್ನುವವರನ್ನು ನಾನು ಕಂಡಿಲ್ಲ.

ಪ್ರಕಟವಾದ ಮೇಲೆ ವರ್ಗವಾಗಿದ್ದರೆ ಏನೂ ಮಾಡಬೇಕಾಗಿಲ್ಲ. ಜರ್ನಲ್‌ನವರು ಆ ಕಾರಣಕ್ಕೆ ಹಳೆಯ ವಿಳಾಸ ಬದಲಿಸುವುದಿಲ್ಲ, ಕೇಳುವುದೂ ಸರಿಯಲ್ಲ. ನಿಮ್ಮ ಆರ್ಕಿಡ್ (ಸಂಶೋಧಕರಿಗೆ ಕೊಡುವ ಗುರುತಿನ ಸಂಖ್ಯೆ) ದಾಖಲೆಯ ಉದ್ಯೋಗ ವಿಭಾಗದಲ್ಲಿ ಹಳೆಯ ಕಾಲೇಜಿಗೆ ಕೊನೆಯ ದಿನಾಂಕ ಹಾಕಿ, ಹೊಸದನ್ನು ಸೇರಿಸಿ. ಟೈಪ್ ಮಾಡುವಾಗ ಕೆಳಗೆ ಪಟ್ಟಿ ತೆರೆದುಕೊಳ್ಳುತ್ತದೆ, ಅದರಿಂದಲೇ ಆರಿಸಿ. ಆಗ ಹೆಸರಿನ ಹಿಂದೆ ಸಂಸ್ಥೆಯ ಗುರುತು ತಾನಾಗಿ ಸೇರಿಕೊಳ್ಳುತ್ತದೆ. ಆರ್ಕಿಡ್‌ಗೆ ಕಾಲೇಜಿನ ಮೇಲ್ ಒಂದನ್ನೇ ಕೊಡಬೇಡಿ. ವರ್ಗವಾದ ಮೇಲೆ ಆ ಮೇಲ್ ಮುಚ್ಚಿದರೆ ಪಾಸ್‌ವರ್ಡ್ ಮರಳಿ ಪಡೆಯಲು ದಾರಿಯಿರುವುದಿಲ್ಲ. ಸ್ವಂತ ಮೇಲ್ ಕೂಡ ಇರಲಿ.

ಲಕ್ಷಣ: “ನನ್ನ ಹೆಸರಿನಲ್ಲೇ ಎರಡು ಪ್ರೊಫೈಲ್”

ಇದು ಇನಿಷಿಯಲ್ ಸಮಸ್ಯೆ. ಒಮ್ಮೆ ಊರು-ತಂದೆಯ ಹೆಸರಿನ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬಿಡಿಸಿ ಬರೆದಿರುತ್ತೀರಿ. ಸ್ಕೋಪಸ್‌ನ ಲೇಖಕರ ತಿದ್ದುಪಡಿ ಪುಟದಲ್ಲಿ ಎರಡನ್ನೂ ಆರಿಸಿ ಒಂದುಗೂಡಿಸಲು ಕೇಳಿ. ಚಂದಾ ಬೇಕಿಲ್ಲ.

ದೋಷ ಹುಟ್ಟುವಲ್ಲೇ ತಡೆಯಲು

ಕಾಲೇಜು ಒಂದು ಸಾಲನ್ನು ತೀರ್ಮಾನಿಸಬೇಕು. ಒಂದೇ ಸಾಲು, ಕಾಗುಣಿತ, ಅಲ್ಪವಿರಾಮ, ಪಿನ್ ಕೋಡ್ ಸಮೇತ. ಸ್ಟಾಫ್ ಕೌನ್ಸಿಲ್ ಸಭೆಯಲ್ಲಿ ಒಪ್ಪಿ, ಪ್ರಿನ್ಸಿಪಾಲರ ಸಹಿಯೊಂದಿಗೆ ಸುತ್ತೋಲೆ ಹೊರಡಿಸಿ, ಕಾಲೇಜಿನ ವೆಬ್‌ಸೈಟಿನಲ್ಲಿ ನಕಲು ಮಾಡಿ ಅಂಟಿಸಲು ಸಿಗುವಂತೆ ಹಾಕಬೇಕು. ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದರೆ ಜನ ಮತ್ತೆ ಕೈಯಲ್ಲೇ ಟೈಪ್ ಮಾಡುತ್ತಾರೆ, ಮತ್ತೆ ತಪ್ಪುತ್ತದೆ. ಇಷ್ಟು ಮಾಡದೆ ಪ್ರತಿ ವರ್ಷ ಮಾರ್ಚ್‌ನಲ್ಲಿ ಲೈಬ್ರರಿಯನ್ ಮೇಲೆ ಕೂಗಾಡುವುದು ನ್ಯಾಯವಲ್ಲ.

ಲೇಖಕರ ಪಾಲಿಗೆ ಅಗ್ಗದ ಕೊನೆಯ ಅವಕಾಶ ಪ್ರೂಫ್, ಅಂದರೆ ಪ್ರಕಟಿಸುವ ಮೊದಲು ಜರ್ನಲ್‌ನವರು ತಿದ್ದಲು ಕಳಿಸುವ ಪ್ರತಿ. ಸಾಮಾನ್ಯವಾಗಿ ಎರಡು ದಿನದಲ್ಲಿ ನೋಡಿ ಕಳಿಸಿ ಎಂದಿರುತ್ತಾರೆ. ಎಲ್ಲರೂ ಗ್ರಾಫ್, ಟೇಬಲ್ ನೋಡುತ್ತಾರೆ, ವಿಳಾಸ ನೋಡುವವರು ಕಡಿಮೆ. ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕರು) ಬೇರೆ ಕಾಲೇಜಿನವರಾಗಿದ್ದರೆ ಪ್ರೂಫ್ ನಿಮ್ಮ ಕೈಗೆ ಬರುವುದೇ ಇಲ್ಲ. “ಪ್ರೂಫ್ ಬಂದಾಗ ಮೊದಲ ಪುಟದ ಫೋಟೋ ವಾಟ್ಸ್ಆ್ಯಪ್ ಮಾಡಿ” ಎಂದು ಮೊದಲೇ ಹೇಳಿಡಿ.

ಇಲ್ಲಿ ನಿಲ್ಲಿಸಿ

ಪಿಡಿಎಫ್ ತೆರೆದು ಕಾಲೇಜಿನ ಹೆಸರನ್ನು ನೀವೇ ತಿದ್ದಿ ನ್ಯಾಕ್ ಪೋರ್ಟಲ್‌ಗೆ ಹಾಕಬೇಡಿ, ಯಾರು ಹೇಳಿದರೂ ಬೇಡ. 'ಡಿವಿವಿ' ಹಂತದಲ್ಲಿ, ಅಂದರೆ ನ್ಯಾಕ್‌ನವರು ನಾವು ಕೊಟ್ಟ ಮಾಹಿತಿಯನ್ನು ಪರಿಶೀಲಿಸುವಾಗ, ಡಿಒಐ ಒತ್ತಿ ನೋಡಿದರೆ ಅಸಲು ಪ್ರತಿ ಎದುರಿಗಿರುತ್ತದೆ. ಅದು ದಾಖಲೆ ತಿರುಚುವುದು, ಪೇಪರು ಕಳೆದುಕೊಂಡದ್ದಕ್ಕಿಂತ ದೊಡ್ಡ ನಷ್ಟ.

‘ಸ್ಕೋಪಸ್ ಪ್ರೊಫೈಲ್ ಸರಿಮಾಡಿಕೊಡುತ್ತೇವೆ’ ಎಂದು ಹಣ ಕೇಳುವವರಿಗೆ ಪಾಸ್‌ವರ್ಡ್ ಕೊಡಬೇಡಿ. ಈ ತಿದ್ದುಪಡಿಗಳಿಗೆಲ್ಲ ಶುಲ್ಕವೇ ಇಲ್ಲ.

ನೀವು ಕೆಲಸ ಮಾಡದ ಸಂಸ್ಥೆಯ ಹೆಸರನ್ನು ಹಣಕ್ಕಾಗಲಿ, ದಾಕ್ಷಿಣ್ಯಕ್ಕಾಗಲಿ ವಿಳಾಸದಲ್ಲಿ ಹಾಕಬೇಡಿ. ಸ್ಪೇನಿನ ಕೋರ್ಡೋಬಾ ವಿಶ್ವವಿದ್ಯಾಲಯ ತನ್ನ ಪೂರ್ಣಾವಧಿ ನೌಕರನಾಗಿದ್ದ ರಸಾಯನಶಾಸ್ತ್ರಜ್ಞರೊಬ್ಬರು ಹೊರದೇಶದ ಸಂಸ್ಥೆಗಳ ಹೆಸರನ್ನೂ ಹಾಕಿಕೊಳ್ಳುತ್ತಿದ್ದರೆಂದು ಅವರನ್ನು 13 ವರ್ಷ ಸಂಬಳವಿಲ್ಲದೆ ಅಮಾನತು ಮಾಡಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು.

ಸಹಲೇಖಕರು ಒಪ್ಪದಿದ್ದರೆ, ಅಥವಾ ಕೆಲಸ ಯಾವ ಸಂಸ್ಥೆಯದೆಂದು ಎರಡು ಕಾಲೇಜುಗಳ ನಡುವೆ ವಾದವಿದ್ದರೆ, ಅಲ್ಲಿ ಲೈಬ್ರರಿಯನ್ ಕೈ ಹಾಕಬಾರದು. ಅದು ಇಬ್ಬರು ಪ್ರಿನ್ಸಿಪಾಲರು ಕೂತು ಬಗೆಹರಿಸುವ ವಿಷಯ.

ಮುದ್ರಿತ ಸಾಲೇ ತಪ್ಪಿದ್ದರೆ: ಜರ್ನಲ್‌ಗೆ ಬರೆಯುವುದು

ಇದು ಕೊನೆಯ, ಕಷ್ಟದ ಹೆಜ್ಜೆ. ಮೊದಲು ಕ್ರಾಸ್‌ರೆಫ್ ಸರ್ಚ್‌ನಲ್ಲಿ ಡಿಒಐ ಹಾಕಿ ನೋಡಿ. ಅಲ್ಲಿ ವಿಳಾಸವೇ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಪ್ರಕಾಶಕರು ಅದನ್ನು ಸಲ್ಲಿಸುವುದೇ ಇಲ್ಲ. ಇದ್ದು ತಪ್ಪಿದ್ದರೆ ಅದನ್ನೂ ಪತ್ರದಲ್ಲಿ ಸೇರಿಸಿ.

ಪತ್ರ ಬರೆಯಬೇಕಾದವರು ಕರೆಸ್ಪಾಂಡಿಂಗ್ ಆಥರ್. ಒಂದು ಪುಟ ದಾಟಬಾರದು. ಪೇಪರಿನ ಶೀರ್ಷಿಕೆ, ಡಿಒಐ, ಈಗ ಮುದ್ರಿತವಾಗಿರುವ ಸಾಲು, ಇರಬೇಕಾದ ಸಾಲು, ಇಷ್ಟು ಬರೆದು, ಕೆಲಸ ನಡೆದ ಅವಧಿಯಲ್ಲಿ ನೀವು ಆ ಕಾಲೇಜಿನಲ್ಲಿದ್ದಿರಿ ಎಂದು ಪ್ರಿನ್ಸಿಪಾಲರು ಲೆಟರ್‌ಹೆಡ್‌ನಲ್ಲಿ ಕೊಟ್ಟ ಪತ್ರ, ಎಲ್ಲ ಸಹಲೇಖಕರ ಒಪ್ಪಿಗೆಯ ಮೇಲ್ ಲಗತ್ತಿಸಿ. ಒಪ್ಪಿದರೆ ಜರ್ನಲ್‌ನವರು ಪ್ರತ್ಯೇಕ ತಿದ್ದುಪಡಿ ಪ್ರಕಟಣೆ ಹೊರಡಿಸುತ್ತಾರೆ. ಅದಕ್ಕೂ ಒಂದು ಡಿಒಐ ಇರುತ್ತದೆ. ಅದು ಸಿಕ್ಕ ಮೇಲೆ, ಅದನ್ನೇ ಆಧಾರವಾಗಿಟ್ಟುಕೊಂಡು ಸ್ಕೋಪಸ್‌ಗೆ ಬರೆಯಿರಿ. ಜರ್ನಲ್ ಒಪ್ಪದಿದ್ದರೆ ಅವರ ಉತ್ತರದ ಪ್ರತಿಯನ್ನು ಐಕ್ಯೂಎಸಿ ಫೈಲಿನಲ್ಲಿ ಇಡಿ. ಸ್ವಂತ ವರದಿಗಳಲ್ಲಿ ಪೇಪರನ್ನು ಇದ್ದ ಹಾಗೆ ನಮೂದಿಸಿ, ಪಕ್ಕದಲ್ಲಿ ಆ ಪತ್ರದ ದಿನಾಂಕ ಬರೆಯಿರಿ.